ಅನ್ನದ ಕೀಲಿಕೈ

ಬೇಮಳಖೇಡ ಹಿಂದೆ ಹುಮನಾಬಾದ ತಾಲ್ಲೂಕಿನಲ್ಲಿದ್ದು, ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿದ ಊರು. ಈ ಸೀಮೆಯ ಹೊಲಗಳಲ್ಲಿ ಮುಂಗಾರಿಗೆ ಉದ್ದು, ಹೆಸರು, ಸೋಯಾ, ತೊಗರಿ ಬೆಳೆಯುತ್ತವೆ. ನೀರಿನ ಆಸರೆ ಇರುವಲ್ಲಿ ಕಬ್ಬು ತಲೆಯೆತ್ತುತ್ತದೆ. ಉದ್ದು, ಹೆಸರು ಬೇಗನೆ ಮನೆ ಸೇರಿದರೆ ತೊಗರಿ ಚಳಿಗಾಲದವರೆಗೂ ರೈತನನ್ನು ಕಾಯಿಸುತ್ತದೆ. ಅಲ್ಲಿಯವರೆಗೆ ಅವನು ತನ್ನ ಹೊಲದ ಒಡೆಯ. ಚೀಲ ತಕ್ಕಡಿಗೆ ಏರಿದ ಕ್ಷಣದಿಂದ ಅವನು ಇನ್ನೊಬ್ಬರ ಮಾತಿಗಾಗಿ ಕಾಯುವವನು. ತೂಕ, ತೇವಾಂಶ, ದರ, ಹಣ ಕೈಸೇರುವ ದಿನ ಎಲ್ಲವನ್ನೂ ಹೇಳುವವರು ಬೇರೆಯವರು.

ಹೊಲಕ್ಕೂ ಊಟದ ತಟ್ಟೆಗೂ ನಡುವೆ ನಿಂತಿರುವ ಈ ಜನರನ್ನು ನಾವು ಸಾಮಾನ್ಯವಾಗಿ ನಾಯಕರೆಂದು ಕರೆಯುವುದಿಲ್ಲ. ಆದರೆ ಸಹಕಾರ ಸಂಘದ ನಿರ್ದೇಶಕರು, ಬೇಳೆ ಗಿರಣಿಯ ಮಾಲೀಕರು, ಅಡತಿ ವ್ಯಾಪಾರಿಗಳು, ಸಕ್ಕರೆ ಕಾರ್ಖಾನೆಯ ಆಡಳಿತಗಾರರು, ಹತ್ತಾರು ಆಳುಗಳನ್ನು ದುಡಿಸುವ ದೊಡ್ಡ ರೈತರು, ಇವರೆಲ್ಲರ ಕೈಯಲ್ಲಿ ಅನ್ನದ ಕೀಲಿಕೈ ಇದೆ. ಕೀಲಿಕೈ ಹಿಡಿದವನು ಉಗ್ರಾಣದ ಒಡೆಯನೋ, ಉಗ್ರಾಣವನ್ನು ಒಪ್ಪಿಸಿಕೊಂಡ ಮೇಲ್ವಿಚಾರಕನೋ? ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿಯೇ ನಾಯಕತ್ವದ ನೀತಿ ಅಡಗಿದೆ.

ಪವಿತ್ರ ಬೈಬಲ್‌ನಲ್ಲಿ ಅನ್ನದ ಕೀಲಿಕೈ ಹಿಡಿದವರಲ್ಲಿ ಜೋಸೆಫನು ಅಗ್ರಗಣ್ಯ. ಸಮೃದ್ಧಿಯ ಏಳು ವರ್ಷಗಳಲ್ಲಿ ಬೆಳೆಯ ಐದನೆಯ ಒಂದು ಪಾಲನ್ನು ಕೂಡಿಟ್ಟು, ಬರಗಾಲದ ಏಳು ವರ್ಷಗಳಲ್ಲಿ ಈಜಿಪ್ಟನ್ನು ಬದುಕಿಸಿದ ಅವನ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಆದಿಕಾಂಡದ 47ನೆಯ ಅಧ್ಯಾಯವನ್ನು ನಾವು ಅಷ್ಟಾಗಿ ಓದುವುದಿಲ್ಲ. ಅಲ್ಲಿ ಹಸಿದ ಜನರು ಧಾನ್ಯಕ್ಕಾಗಿ ಮೊದಲು ಹಣ ಕೊಡುತ್ತಾರೆ, ಬಳಿಕ ದನಕರು ಕೊಡುತ್ತಾರೆ, ಕೊನೆಗೆ ಹೊಲವನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸುತ್ತಾರೆ. ಪ್ರಾಣ ಉಳಿಸಿದ್ದಕ್ಕೆ ಕೃತಜ್ಞತೆಯನ್ನೂ ಹೇಳುತ್ತಾರೆ! ಆಗ ಮಾರಾಟವಾಗದೆ ಉಳಿದದ್ದು ಯಾಜಕರ ಭೂಮಿ ಮಾತ್ರ. ಈ ಮಾತನ್ನು ಓದುವಾಗ ನನ್ನಂತಹ ಗುರುಗಳು ಒಂದು ಕ್ಷಣ ತಲೆತಗ್ಗಿಸಬೇಕಾಗುತ್ತದೆ. ಮುಂದೆ ಜೋಸೆಫನನ್ನು ಅರಿಯದ ಅರಸನೊಬ್ಬನು ಬಂದಾಗ, ಇಸ್ರಯೇಲರೇ ಆ ನಾಡಿನಲ್ಲಿ ಗುಲಾಮರಾದರು.

ಜೋಸೆಫನ ಜಾಣ್ಮೆಯನ್ನಾಗಲಿ ಸದುದ್ದೇಶವನ್ನಾಗಲಿ ನಾನಿಲ್ಲಿ ಶಂಕಿಸುತ್ತಿಲ್ಲ. ಆದರೆ ಹೊಟ್ಟೆ ತುಂಬಿಸಿದ ಮಾತ್ರಕ್ಕೆ ನ್ಯಾಯ ಮುಗಿಯುವುದಿಲ್ಲ ಎಂಬುದನ್ನು ಈ ಕಥೆ ಕಲಿಸುತ್ತದೆ. ಹೆಗಲ ಮೇಲೆ ಚೀಲ ಹೊತ್ತು ಬಂದವನು ಹಿಂದಿರುಗುವಾಗ ಮೊದಲಿಗಿಂತ ಸ್ವತಂತ್ರನಾಗಿದ್ದಾನೆಯೇ, ಇನ್ನಷ್ಟು ಅಧೀನನಾಗಿದ್ದಾನೆಯೇ? ಅನ್ನದ ನಾಯಕನನ್ನು ಅಳೆಯುವ ಕೊಳಗ ಇದೊಂದೇ. ಬೀಜ, ಗೊಬ್ಬರಕ್ಕೆ ಸಾಲ ಕೊಟ್ಟು, ಬೆಳೆಯನ್ನು ತನಗೇ ಮಾರಬೇಕೆಂದು ಕಟ್ಟಿಹಾಕುವವನು ರೈತನಿಗೆ ಉಪಕಾರ ಮಾಡಿರಬಹುದು. ಅವನನ್ನು ಎತ್ತಿ ನಿಲ್ಲಿಸಿಲ್ಲ.

ಈ ಅಳತೆಗೋಲು ನಮ್ಮ ನೆರೆಯ ಕಲ್ಯಾಣದ ಮಣ್ಣಿಗೂ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ, ಮಡದಿ ಲಕ್ಕಮ್ಮ ಅದನ್ನು ಒಳಗಿಡದೆ, ತಂದಲ್ಲಿಗೇ ಹಿಂದಿರುಗಿಸುವಂತೆ ಹೇಳಿದಳೆಂಬುದು ಶರಣ ಪರಂಪರೆಯ ಕಥೆ. ಬೆತ್ಲೆಹೇಮಿನಲ್ಲಿ ರೂತಳು ತೆನೆ ಆಯಲು ಬಂದಾಗ, ಹೊಲದ ಒಡೆಯ ಬೋವಜನು ಅವಳಿಗಾಗಿ ಬೇಕೆಂತಲೇ ತೆನೆಗಳನ್ನು ಉದುರಿಸಲು ಆಳುಗಳಿಗೆ ತಿಳಿಸಿದನು. ಒಂದೆಡೆ ಆಯುವವನ ಮಡದಿ ಹೆಚ್ಚನ್ನು ಬೇಡವೆಂದಳು. ಇನ್ನೊಂದೆಡೆ ಉಳ್ಳವನು ತಾನೇ ಹೆಚ್ಚಾಗಿ ಬಿಟ್ಟುಕೊಟ್ಟನು. ಪಡೆಯುವವರ ಮಾನವನ್ನೂ ಕೊಡುವವರ ಮಿತಿಯನ್ನೂ ಎರಡು ಕಥೆಗಳೂ ಕಾಪಾಡುತ್ತವೆ.

ಹೀಗೆ ಹೇಳುವುದು ಸುಲಭ, ನಡೆಸುವುದು ಕಷ್ಟ ಎಂದು ನಾಯಕರು ಹೇಳಿದರೆ ಅದನ್ನು ಅಲ್ಲಗಳೆಯಲಾಗದು. 2025ರ ಆಗಸ್ಟ್, ಸೆಪ್ಟೆಂಬರಿನ ಅತಿವೃಷ್ಟಿ ಬೀದರ್, ಕಲಬುರಗಿ ಜಿಲ್ಲೆಗಳ ಬೆಳೆಯನ್ನು ಕೊಚ್ಚಿಕೊಂಡು ಹೋಯಿತು. 2025–26ರ ಸಾಲಿಗೆ ಕೇಂದ್ರ ಸರ್ಕಾರ ತೊಗರಿಗೆ ಕ್ವಿಂಟಲಿಗೆ 8,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಆದರೆ ಹೊರದೇಶದ ಬೇಳೆ ಬಂದಿಳಿದರೆ ಸ್ಥಳೀಯ ಗಿರಣಿಯವನ ಲೆಕ್ಕವೂ ತಲೆಕೆಳಗಾಗುತ್ತದೆ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇಕಡ 15ರ ಬಡ್ಡಿ ಸಲ್ಲಬೇಕು ಎಂಬುದು 1966ರ ಕಬ್ಬು ನಿಯಂತ್ರಣ ಆದೇಶದ ನಿಯಮ. ಸಕ್ಕರೆಯ ದರ ಕುಸಿದಾಗ ಆಡಳಿತಗಾರನು ಆ ಹಣವನ್ನು ಎಲ್ಲಿಂದ ತರಬೇಕು? ನಮ್ಮ ಹಳ್ಳಿಖೇಡ (ಬಿ) ಬಳಿಯ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ಅರೆಯದೆ ನಿಂತ ವರ್ಷಗಳಲ್ಲಿ ರೈತರೂ ಕಾರ್ಮಿಕರೂ ಪಟ್ಟ ಪಾಡು ಈ ಪ್ರಶ್ನೆಯ ಭಾರವನ್ನು ತೋರಿಸಿತು.

ಇಲ್ಲದ ಹಣವನ್ನು ಕೊಡಲು ಯಾರಿಂದಲೂ ಆಗದು, ನಿಜ. ಆದರೆ ನಷ್ಟವನ್ನು ಯಾರ ಹೆಗಲಿಗೆ ಮೊದಲು ಹೊರಿಸಬೇಕೆಂಬುದು ನಾಯಕನೇ ಮಾಡುವ ಆಯ್ಕೆ. ಕಷ್ಟ ಬಂದಾಗ ಎಲ್ಲರಿಗಿಂತ ಬಡವನ ಬಾಕಿಯನ್ನೇ ಕೊನೆಗೆ ತಳ್ಳುವುದು ಲೋಕದ ರೂಢಿ. ಕೊಯ್ಲುಗಾರರಿಗೆ ಸಲ್ಲಿಸದೆ ಹಿಡಿದಿಟ್ಟ ಕೂಲಿಯು ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆಂದು ಯಕೋಬನ ಪತ್ರವು ಎಚ್ಚರಿಸುವುದು ಈ ರೂಢಿಯನ್ನೇ ಕುರಿತು. ಹಣ ಇಲ್ಲದಿರುವಾಗಲೂ ಲೆಕ್ಕವನ್ನು ತೆರೆದಿಡಬಹುದು, ಸತ್ಯವನ್ನು ಹೇಳಬಹುದು, ತನ್ನ ಪಾಲನ್ನು ಮೊದಲು ಕಡಿಮೆ ಮಾಡಿಕೊಳ್ಳಬಹುದು.

ಅವಕಾಶಗಳೂ ನಮ್ಮ ಕಣ್ಣೆದುರಿಗಿವೆ. ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲಕ್ಕಾಗಿ ಸಾಹುಕಾರನ ಬಾಗಿಲು ಕಾಯುತ್ತಿದ್ದವರು ತಾವೇ ಪತ್ತಿನ ಒಡೆಯರಾದರು. 1990ರ ದಶಕದಲ್ಲಿ ಬೀದರ್ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು ಮಹಿಳಾ ಸ್ವಸಹಾಯ ಸಂಘಗಳಿಗೆ ಬಾಗಿಲು ತೆರೆಯಿತು. ರೈತರ ಕುಟುಂಬದಲ್ಲಿ ಜನಿಸಿದ ಜಗದ್ಗುರು 23ನೆಯ ಜಾನರು 1961ರ ತಮ್ಮ ವಿಶ್ವಪರಿಪತ್ರದಲ್ಲಿ, ರೈತರ ಏಳಿಗೆಗೆ ರೈತರೇ ಮೊದಲ ಕಾರಣಕರ್ತರಾಗಬೇಕೆಂದು ಬೋಧಿಸಿದರು. ಇಂದಿನ ರೈತ ಉತ್ಪಾದಕ ಸಂಸ್ಥೆಗಳು, ಒಟ್ಟಾಗಿ ನಡೆಸುವ ಬೇಳೆ ಗಿರಣಿಗಳು ಅದೇ ದಾರಿಯ ಮುಂದುವರಿಕೆಯಾಗಬಲ್ಲವು. ಆದರೆ ಕೀಲಿಕೈ ಸಾಹುಕಾರನ ಕೈಯಿಂದ ಅಧ್ಯಕ್ಷನ ಕೈಗೆ ದಾಟಿದರೆ ಸಾಲದು. ಅದು ಸದಸ್ಯರೆಲ್ಲರ ಕಣ್ಣೆದುರು ತೂಗುತ್ತಿರಬೇಕು.

ಪ್ರಿಯ ಓದುಗರೇ, ಇಲ್ಲಿ ನಮ್ಮ ಪಾಲೂ ಇದೆ. ಸಂಘದ ವಾರ್ಷಿಕ ಸಭೆಗೆ ನಾವು ಹೋಗುತ್ತೇವೆಯೇ? ಹೋದರೂ ಲೆಕ್ಕ ಕೇಳುತ್ತೇವೆಯೇ? ನಿರ್ದೇಶಕರನ್ನು ಆರಿಸುವಾಗ ಜಾತಿ, ನೆಂಟಸ್ತನಗಳನ್ನು ಬದಿಗಿಟ್ಟು, ನಂಬಿಕೆಗೆ ಅರ್ಹರಾದವರನ್ನು ಹುಡುಕುತ್ತೇವೆಯೇ? ನಮ್ಮ ಹೊಲದ ಕಳೆ ತೆಗೆದ ತಾಯಿಗೆ ಕೂಲಿಯನ್ನು ಅಂದೇ ಕೊಡುತ್ತೇವೆಯೇ? ಎರಡೆಕರೆಯ ರೈತನೂ ತನ್ನ ಕೂಲಿಯಾಳಿನ ಪಾಲಿಗೆ ಕೀಲಿಕೈ ಹಿಡಿದವನೇ.

ಲೂಕನ ಶುಭಸಂದೇಶದಲ್ಲಿ ಪ್ರಭು ಯೇಸು ಮೆಚ್ಚುವ ಮೇಲ್ವಿಚಾರಕನು, ಮನೆಯವರಿಗೆ ಹೊತ್ತುಹೊತ್ತಿಗೆ ಆಹಾರವನ್ನು ಅಳೆದು ಕೊಡುವವನು. ಒಡೆಯನು ಬಂದಾಗ ಅವನು ಹಾಗೆ ಕೊಡುತ್ತಿರುವುದು ಕಾಣಬೇಕು, ಅಷ್ಟೆ. ಪ್ರತಿ ಭಾನುವಾರ ಬಲಿಪೀಠದ ಮೇಲೆ ನಾವಿಡುವ ರೊಟ್ಟಿಯೂ ಯಾರೋ ಬಿತ್ತಿದ, ಯಾರೋ ಕೊಯ್ದ, ಯಾರೋ ತೂಗಿದ ಧಾನ್ಯವೇ. ಆ ತೂಕದಲ್ಲಿ ಮೋಸವಿಲ್ಲದಿರಲಿ, ಆ ಕೂಲಿ ಬಾಕಿಯಿಲ್ಲದಿರಲಿ.