ಸಹಿಸಿಕೊಂಡ ನೋವೆಲ್ಲವೂ ತ್ಯಾಗವೇ?



ಕೆಲವು ವರ್ಷಗಳ ಹಿಂದೆ ತರೀಕೆರೆ ಕಡೆಯ ಒಂದು ಮನೆಗೆ ಪರಮ ಪ್ರಸಾದ ಕೊಡಲು ಹೋಗಿದ್ದೆ. ಅಡಿಕೆ ಸುಲಿಯುವ ಕೂಲಿ ಮಾಡಿ ಮಕ್ಕಳನ್ನು ಸಾಕಿದ ತಾಯಿ ಆಕೆ. ಪ್ರಸಾದ ಸ್ವೀಕರಿಸಲು ಆಕೆಗೆ ಬಾಯಿ ತೆರೆಯಲಾಗಲಿಲ್ಲ. ಚೂರು ಮಾಡಿ, ಒಂದು ಕಣವನ್ನು ನಾಲಿಗೆಯ ಮೇಲಿಟ್ಟು, ಚಮಚದಲ್ಲಿ ನೀರು ಕೊಡಬೇಕಾಯಿತು. "ಎರಡು ವರ್ಷದಿಂದ ಖಾರ ತಿಂದರೆ ಬಾಯಿ ಉರಿಯುತ್ತಿತ್ತು ಫಾದರ್. ಯಾರಿಗೂ ಹೇಳಲಿಲ್ಲ. ಯೇಸುಸ್ವಾಮಿ ಪಟ್ಟ ಕಷ್ಟದ ಮುಂದೆ ಇದೇನು ಮಹಾ ಅಂತ ಅವರಿಗೇ ಒಪ್ಪಿಸಿಬಿಟ್ಟೆ" ಎಂದರು. ಆಗ ನನಗೆ ಉತ್ತರ ಹೊಳೆಯಲಿಲ್ಲ.

ಬಹುಕಾಲ ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಗಡುಸಾಗಿ, ಬಾಯಿ ಕ್ರಮೇಣ ಮುಚ್ಚಿಕೊಳ್ಳುವುದುಂಟು. ಕೆಲವರಲ್ಲಿ ಅದು ಕ್ಯಾನ್ಸರಿಗೂ ತಿರುಗುತ್ತದೆ. ಹೊಗೆಸೊಪ್ಪು ಬೆರೆಸದ ಎಲೆಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ಕಡೂರು, ತರೀಕೆರೆ, ಅಜ್ಜಂಪುರದ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲೆಯ ಫೀಸು, ಮದುವೆಯ ಖರ್ಚು ಅಡಿಕೆಯಿಂದಲೇ ಬರುತ್ತದೆ. ತಾಂಬೂಲ ಕೊಡುವುದು ನಮ್ಮಲ್ಲಿ ಮರ್ಯಾದೆ. ಬೆಳೆಗಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸದ ಬಗ್ಗೆ ಸುಮ್ಮನಿರಲಾರೆ.

ಈಗ ಆ ತಾಯಿಯ ಮಾತಿಗೆ ಬರೋಣ. ನೋವನ್ನು ದೇವರಿಗೆ ಒಪ್ಪಿಸುವುದು ಪುಣ್ಯವಲ್ಲವೇ? ನಿಜ. ಆದರೆ ಯೇಸುಸ್ವಾಮಿ ತಮ್ಮ ಬಳಿ ಬಂದ ಯಾವ ರೋಗಿಗೂ ರೋಗವನ್ನು ಹಾಗೆಯೇ ಇಟ್ಟುಕೋ ಎನ್ನಲಿಲ್ಲ, ಗುಣಪಡಿಸಿದರು. ಗೆತ್ಸೆಮನಿ ತೋಪಿನಲ್ಲಿ ಆ ಪಾತ್ರೆ ತಮ್ಮಿಂದ ದೂರವಾಗಲಿ ಎಂದೂ ಪ್ರಾರ್ಥಿಸಿದರು. ನಮ್ಮ ಕೈಲಾದ ಆರೈಕೆಯನ್ನೆಲ್ಲ ಮಾಡಿದ ಮೇಲೂ ಉಳಿಯುವ ನೋವು ಶಿಲುಬೆ. ವಾಸಿಯಾಗಬಹುದಾದ ಹುಣ್ಣನ್ನು ಮುಚ್ಚಿಡುವುದು ಶಿಲುಬೆಯಲ್ಲ. ಆರೋಗ್ಯವು ದೇವರು ನಮ್ಮ ವಶಕ್ಕೆ ಒಪ್ಪಿಸಿದ ವರವೆಂದೂ, ಅದನ್ನು ಕಾಪಾಡುವುದು ಕರ್ತವ್ಯವೆಂದೂ ಧರ್ಮಸಭೆಯ ಧರ್ಮೋಪದೇಶವು 2288ನೇ ಕಂಡಿಕೆಯಲ್ಲಿ ಬೋಧಿಸುತ್ತದೆ. ಮರುಕಂಡಿಕೆಯಲ್ಲೇ, ದೇಹವನ್ನು ವಿಗ್ರಹವಾಗಿಸಬೇಡಿ ಎಂಬ ಎಚ್ಚರಿಕೆಯೂ ಇದೆ.

ಬೆಳಗಿನ ಪೂಜೆಗೆ ಮುಂಚೆ ಬಾಯಿ ಮುಕ್ಕಳಿಸಿದರೆ ಉಪವಾಸ ಮುರಿಯುತ್ತದೆಂಬ ಅಳುಕು ಕೆಲವು ಹಿರಿಯರಲ್ಲಿ ಇನ್ನೂ ಇದೆ. ನೀರಿನಿಂದ ಉಪವಾಸ ಮುರಿಯುವುದಿಲ್ಲವೆಂದು ಪೋಪ್ 12ನೇ ಪಿಯುಸ್‌ರವರು 1953ರಲ್ಲೇ ತಿಳಿಸಿದರು. ಇಂದಿನ ನಿಯಮದಂತೆ ಪರಮ ಪ್ರಸಾದಕ್ಕೆ ಒಂದು ಗಂಟೆ ಮುಂಚಿನ ಉಪವಾಸ ಸಾಕು. ನೀರಿಗೂ ಔಷಧಿಗೂ ಅಡ್ಡಿಯಿಲ್ಲ. ಹಲ್ಲುಜ್ಜಿಯೇ ಬನ್ನಿ.

ಬಾಯಿ ದೇಹದಿಂದ ಬೇರೆಯಲ್ಲ. ಒಸಡಿನ ಕಾಯಿಲೆ ಸಕ್ಕರೆ ಕಾಯಿಲೆಯನ್ನು ಹೆಚ್ಚಿಸುತ್ತದೆ, ಸಕ್ಕರೆ ಕಾಯಿಲೆ ಒಸಡನ್ನು ಕೆಡಿಸುತ್ತದೆ. ಹೃದಯದ ಕವಾಟ ಕೆಟ್ಟವರಿಗೆ ಬಾಯಿಯ ಕ್ರಿಮಿಗಳು ರಕ್ತಕ್ಕೆ ಸೇರಿ ಅಪಾಯ ತರಬಲ್ಲವು. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಹಲ್ಲುಜ್ಜಿ. ಊಟವಾದ ಮೇಲೆ ಮುಕ್ಕಳಿಸಿ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಮಚ್ಚೆ, ಉರಿ ಕಂಡರೆ ವೈದ್ಯರಿಗೆ ತೋರಿಸಿ. ಮಕ್ಕಳ ಬಾಯಿಗೆ ಅಡಿಕೆ ಸೋಕದಿರಲಿ.

ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವುದು ಬಡವರಿಗೆ ಸುಲಭವಲ್ಲ ಎಂಬುದನ್ನೂ ಬಲ್ಲೆ. ಆದ್ದರಿಂದ ಈ ಕರ್ತವ್ಯ ನೋವು ತಿನ್ನುವವರದ್ದು ಮಾತ್ರವಲ್ಲ. ಆ ತಾಯಿ ಪ್ರತಿ ಭಾನುವಾರ ನನ್ನೆದುರಿಗೇ ನಿಂತು ಪ್ರಸಾದಕ್ಕೆ ಬಾಯಿ ತೆರೆಯುತ್ತಿದ್ದರು. ಅದು ವಾರದಿಂದ ವಾರಕ್ಕೆ ಕಿರಿದಾಗುತ್ತಿದ್ದುದನ್ನು ನಾನು ಗಮನಿಸಲಿಲ್ಲ. ಆಕೆ ಈಗಿಲ್ಲ. ಆಕೆಯ ಕಾಣಿಕೆಯನ್ನು ಪ್ರಭು ಖಂಡಿತ ಸ್ವೀಕರಿಸಿದ್ದಾರೆ. ನನ್ನ ಅಲಕ್ಷ್ಯಕ್ಕೆ ಮಾತ್ರ ನಾನೇ ಲೆಕ್ಕ ಕೊಡಬೇಕು. ಈ ವಾರ ನಿಮ್ಮ ಮನೆಯಲ್ಲಿ ಖಾರ ಬೇಡವೆಂದು ತಟ್ಟೆ ಸರಿಸಿ ಸುಮ್ಮನಾಗುವ ಹಿರಿಯರಿದ್ದರೆ, ದಯವಿಟ್ಟು ಪಕ್ಕದಲ್ಲಿ ಕುಳಿತು ಯಾಕೆಂದು ವಿಚಾರಿಸಿ.