ಕಿಡಿಯ ಮೂಲ, ಹೊಣೆಯ ಮೂಲ

ಅನಾಹುತವೊಂದು ಸಂಭವಿಸಿದಾಗ ನಮ್ಮ ಬಾಯಿಂದ ಮೊದಲು ಹೊರಡುವ ಪ್ರಶ್ನೆ, 'ಇದಕ್ಕೆ ಕಾರಣ ಯಾರು?' ಎಂಬುದು. ಉತ್ತರವಾಗಿ ಒಬ್ಬ ವ್ಯಕ್ತಿ ಸಿಕ್ಕಿಬಿಟ್ಟರೆ ಮನಸ್ಸಿಗೆ ಒಂದು ಬಗೆಯ ಸಮಾಧಾನ. ದೋಷ ಅವನದಾದ ಮೇಲೆ ಉಳಿದವರೆಲ್ಲರೂ ನಿರ್ದೋಷಿಗಳಲ್ಲವೇ? ಆದರೆ ಕಾರಣ ಮತ್ತು ಹೊಣೆ ಎಂಬ ಎರಡು ಪದಗಳ ಅರ್ಥ ಒಂದೇ ಎಂದು ನಾವು ಭಾವಿಸುವುದು ಸರಿಯೇ? ಬಹುಮಹಡಿ ಕಟ್ಟಡಗಳಲ್ಲಿ ಹಬ್ಬಿದ ಬೆಂಕಿಯ ಜಾಡು ಹಿಡಿದು ಸಾಗುವ ತನಿಖಾ ವಿಜ್ಞಾನವು ಈ ಪ್ರಶ್ನೆಯ ಮೇಲೆ ಚೆಲ್ಲುವ ಬೆಳಕು ನಮ್ಮ ಚಿಂತನೆಗೆ ಅರ್ಹವಾಗಿದೆ.

2017ರ ಜೂನ್ 14. ಮಧ್ಯರಾತ್ರಿ ಕಳೆದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಲಂಡನ್ ನಗರದ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತುಗಳ ವಸತಿ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ, ಒಂದು ಅಡುಗೆಮನೆಯೊಳಗೆ ಬೆಂಕಿ ಕಾಣಿಸಿಕೊಂಡಿತು. ಆ ದುರಂತದಲ್ಲಿ 72 ಮಂದಿ ಪ್ರಾಣ ಕಳೆದುಕೊಂಡರು. ನಿವೃತ್ತ ನ್ಯಾಯಾಧೀಶರಾದ ಸರ್ ಮಾರ್ಟಿನ್ ಮೂರ್-ಬಿಕ್ ಅವರ ನೇತೃತ್ವದ ವಿಚಾರಣಾ ಆಯೋಗವು 2019ರ ಅಕ್ಟೋಬರ್‌ನಲ್ಲಿ ತನ್ನ ಮೊದಲ ವರದಿಯನ್ನೂ, 2024ರ ಸೆಪ್ಟೆಂಬರ್‌ನಲ್ಲಿ ಅಂತಿಮ ವರದಿಯನ್ನೂ ಪ್ರಕಟಿಸಿತು.

ಸುಟ್ಟ ಕಟ್ಟಡವು ಮೂಕವಾಗಿ ಕಂಡರೂ ಬಲ್ಲವರಿಗೆ ಅದು ಸಾಕ್ಷಿ ನುಡಿಯುತ್ತದೆ. ಯಾವ ಗೋಡೆ ಎಷ್ಟು ಕರಕಲಾಗಿದೆ, ವಿದ್ಯುತ್ ತಂತಿ ಎಲ್ಲಿ ಕರಗಿದೆ ಎಂಬುದನ್ನು ತಜ್ಞರು ಅಕ್ಷರಗಳಂತೆ ಓದುತ್ತಾರೆ. ಇಲ್ಲಿ ಮೊದಲು ಒಳಹೊಕ್ಕ ಅಗ್ನಿಶಾಮಕರ ಕ್ಯಾಮೆರಾದ ಚಿತ್ರಗಳೂ, ಹೊರಗೆ ನಿಂತವರು ಮೊಬೈಲಿನಲ್ಲಿ ಸೆರೆಹಿಡಿದ ದೃಶ್ಯಗಳೂ ಅವರ ನೆರವಿಗೆ ಬಂದವು. ಬೆಂಕಿಯ ಮೂಲ ಒಂದು ದೊಡ್ಡ ಫ್ರಿಜ್. ಅದರಲ್ಲಿನ ವಿದ್ಯುತ್ ದೋಷವೇ ಕಿಡಿಗೆ ಕಾರಣ ಎಂದು ನಿರ್ಣಯವಾಯಿತು. ಆ ಮನೆಯ ನಿವಾಸಿ ಹೊಗೆಯ ಎಚ್ಚರಿಕೆ ಗಂಟೆಯ ಸದ್ದಿಗೆ ಎದ್ದು, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ, ನೆರೆಹೊರೆಯವರನ್ನು ಎಚ್ಚರಿಸಿದ್ದರು. ಅವರ ಮೇಲೆ ಕಿಂಚಿತ್ತೂ ದೋಷವಿಲ್ಲವೆಂದು ಆಯೋಗವು ಸ್ಪಷ್ಟವಾಗಿ ಘೋಷಿಸಿತು.

ಹಾಗಾದರೆ ಹೊಣೆ ಯಾರದು? ಒಂದು ಅಡುಗೆಮನೆಯ ಬೆಂಕಿ ಆ ಮನೆಯಲ್ಲಿಯೇ ಆರಿಹೋಗಬೇಕಿತ್ತು. ಆದರೆ ಅಗ್ನಿಶಾಮಕರು ಅಡುಗೆಮನೆಯೊಳಗೆ ಕಾಲಿಡುವ ಮೊದಲೇ ಜ್ವಾಲೆಯು ಕಿಟಕಿಯ ಅಂಚಿನಿಂದ ಹೊರನುಸುಳಿ ಗೋಡೆಯ ಹೊದಿಕೆಗೆ ತಾಗಿತ್ತು. ಅಲ್ಲಿಂದ ಸುಮಾರು 20 ನಿಮಿಷಗಳಲ್ಲಿ ಅದು ಕಟ್ಟಡದ ತುದಿಯನ್ನು ಮುಟ್ಟಿತು. 2016ರಲ್ಲಿ ಮುಗಿದ ನವೀಕರಣದಲ್ಲಿ ಆ ಹೊದಿಕೆಯನ್ನು ಅಳವಡಿಸಲಾಗಿತ್ತು. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಸುಲಭವಾಗಿ ಉರಿಯುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ಮೊದಲು ಯೋಚಿಸಿದ್ದ ಸತುವಿನ ತಗಡಿನ ಬದಲು ಖರ್ಚು ಉಳಿಸಲೆಂದು ಇದನ್ನು ಆರಿಸಲಾಗಿತ್ತು.

ಜಾಡು ಅಲ್ಲಿಗೂ ನಿಲ್ಲಲಿಲ್ಲ. ಹೊದಿಕೆಯನ್ನೂ ಶಾಖನಿರೋಧಕವನ್ನೂ ತಯಾರಿಸಿ ಮಾರಿದ ಕಂಪನಿಗಳು ಪರೀಕ್ಷೆಗಳ ವಿಷಯದಲ್ಲಿ ಖರೀದಿದಾರರನ್ನು ವ್ಯವಸ್ಥಿತವಾಗಿ ವಂಚಿಸಿದ್ದವು. ವಿನ್ಯಾಸಕಾರರು, ಗುತ್ತಿಗೆದಾರರು ತಮ್ಮ ಕರ್ತವ್ಯದಲ್ಲಿ ಲೋಪವೆಸಗಿದ್ದರು. ಇಂತಹ ಹೊದಿಕೆ ಭೀಕರವಾಗಿ ಉರಿಯುತ್ತದೆಂದು 2001ರ ಪರೀಕ್ಷೆಯೊಂದು ತೋರಿಸಿದ್ದರೂ ಸರ್ಕಾರ ನಿಯಮಗಳನ್ನು ಬಿಗಿಗೊಳಿಸಿರಲಿಲ್ಲ. 2009ರಲ್ಲಿ ಲಂಡನ್ನಿನ ಲೇಕನಲ್ ಹೌಸ್ ಎಂಬ ಕಟ್ಟಡದ ಬೆಂಕಿಯಲ್ಲಿ 6 ಮಂದಿ ಸತ್ತರೂ ಪಾಠ ಕಲಿತಿರಲಿಲ್ಲ. ಅಗ್ನಿಶಾಮಕರು ವೈಯಕ್ತಿಕವಾಗಿ ಮೆರೆದ ಧೈರ್ಯ ಅಪಾರ. ಆದರೆ ಇಂತಹ ಬೆಂಕಿಗೆ ಅವರ ಸಂಸ್ಥೆ ಅವರನ್ನು ಸಿದ್ಧಪಡಿಸಿರಲಿಲ್ಲ. 'ಮನೆಯೊಳಗೇ ಇರಿ' ಎಂಬ ಸಲಹೆಯನ್ನು 2 ಗಂಟೆ 47 ನಿಮಿಷದವರೆಗೂ ಹಿಂತೆಗೆದುಕೊಳ್ಳಲಿಲ್ಲ. ಅದನ್ನು ಒಂದು ಗಂಟೆ ಮೊದಲೇ ಕೈಬಿಟ್ಟಿದ್ದರೆ ಇನ್ನಷ್ಟು ಜೀವಗಳು ಉಳಿಯುತ್ತಿದ್ದವು. ಈ ಎಲ್ಲ ಸಾವುಗಳೂ ತಪ್ಪಿಸಬಹುದಾಗಿದ್ದ ಸಾವುಗಳೆಂಬುದು ಆಯೋಗದ ಅಂತಿಮ ಮಾತು.

ವಿಚಾರಣೆಯಲ್ಲಿ ಹಾಜರಾದ ಸಂಸ್ಥೆಗಳಲ್ಲಿ ಬಹುತೇಕ ಎಲ್ಲವೂ ಬೆರಳು ತೋರಿಸಿದ್ದು ಮತ್ತೊಬ್ಬರ ಕಡೆಗೆ. ವಿನ್ಯಾಸಕಾರನು ತಜ್ಞನನ್ನು ನಂಬಿದ್ದ, ಗುತ್ತಿಗೆದಾರನು ವಿನ್ಯಾಸಕಾರನನ್ನು ನಂಬಿದ್ದ, ಎಲ್ಲರೂ ಪರಿಶೀಲನಾ ಅಧಿಕಾರಿಯನ್ನು ನಂಬಿದ್ದರು. ಇಲ್ಲಿಯೇ ನಮ್ಮ ನೈತಿಕ ಪ್ರಶ್ನೆ ಎದುರಾಗುತ್ತದೆ. ಹೊರೆಯನ್ನು ಹತ್ತು ಮಂದಿ ಹೊತ್ತರೆ ಒಬ್ಬೊಬ್ಬರ ಪಾಲು ಹಗುರವಾಗುತ್ತದೆ. ಹೊಣೆಯೂ ಹಾಗೆಯೇ ಹಗುರವಾಗುತ್ತದೆಯೇ?

ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹತ್ತು ಮಂದಿಯಲ್ಲಿ ಯಾರೇ ಒಬ್ಬರು ನಿಂತು, 'ಇದು ಉರಿಯುತ್ತದೆಯೇ?' ಎಂದು ಕೇಳಿ, ಸರಿಯಾದ ಉತ್ತರ ಸಿಗುವವರೆಗೆ ಸಹಿ ಹಾಕದಿದ್ದರೆ ಸಾಕಿತ್ತು. ತಡೆಯುವ ಶಕ್ತಿ ಪ್ರತಿಯೊಬ್ಬರಲ್ಲೂ ಪೂರ್ಣವಾಗಿ ಇದ್ದುದರಿಂದ ಹೊಣೆಯೂ ಪ್ರತಿಯೊಬ್ಬರಲ್ಲೂ ಪೂರ್ಣವಾಗಿಯೇ ಉಳಿಯುತ್ತದೆ.

'ಎಲ್ಲರೂ ತಪ್ಪಿತಸ್ಥರೆಂದರೆ ಯಾರೂ ತಪ್ಪಿತಸ್ಥರಲ್ಲ ಎಂದಂತಾಗಲಿಲ್ಲವೇ?' ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದುದರಿಂದಲೇ ನೀತಿಶಾಸ್ತ್ರವು ಸೂಕ್ಷ್ಮ ತಕ್ಕಡಿಯೊಂದನ್ನು ಬಳಸುತ್ತದೆ. ತಿಳಿದೂ ವಂಚಿಸಿದವನದು ಒಂದು ತೂಕ. ತಿಳಿಯಬಹುದಾಗಿದ್ದರೂ ತಿಳಿಯಲು ಮನಸ್ಸು ಮಾಡದವನದು ಮತ್ತೊಂದು. ತಿಳಿಯಲು ಯಾವ ದಾರಿಯೂ ಇಲ್ಲದಿದ್ದವನ ಅಜ್ಞಾನ ಮಾತ್ರವೇ ನಿರ್ದೋಷಿಯಾದುದು. ಫ್ರಿಜ್ಜಿನ ಒಡೆಯ ಈ ಮೂರನೆಯ ಸಾಲಿಗೆ ಸೇರಿದವರು. ಲೋಕ ಮೊದಲು ಅನುಮಾನಿಸುವುದು ಮಾತ್ರ ಅಂಥವರನ್ನೇ.

ಆಯೋಗಕ್ಕೆ ಶಿಕ್ಷೆ ವಿಧಿಸುವ ಅಧಿಕಾರವಿರಲಿಲ್ಲ. ಅಂತಿಮ ವರದಿ ಹೊರಬಂದ ದಿನದವರೆಗೂ ಆ ಸಾವುಗಳಿಗಾಗಿ ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ದಾಖಲಾಗಿರಲಿಲ್ಲ. ಏಳು ವರ್ಷಗಳಿಗೂ ಮೀರಿದ ಆ ನಿರೀಕ್ಷೆ ಅಗಲಿದವರ ಕುಟುಂಬಗಳಿಗೆ ಎಷ್ಟು ಕಠಿಣವಾಗಿದ್ದಿರಬೇಕು! ಸತ್ಯವನ್ನು ಅರಿಯುವುದು ನ್ಯಾಯದ ಅರ್ಧಭಾಗ ಮಾತ್ರ. ಆದರೆ ಆ ಅರ್ಧವಿಲ್ಲದೆ ಉಳಿದರ್ಧಕ್ಕೆ ನೆಲೆಯೇ ಇರುವುದಿಲ್ಲ.

ಪ್ರಿಯ ಓದುಗರೇ, ನಮ್ಮಲ್ಲಿ ಹೆಚ್ಚಿನವರು ಗೋಪುರಗಳನ್ನು ಕಟ್ಟುವವರಲ್ಲ. ಆದರೆ ಓದದೆ ಸಹಿ ಹಾಕುವ ಕಾಗದ, ನೋಡಿಯೂ ನೋಡದಂತೆ ದಾಟಿಹೋಗುವ ತುಂಡಾದ ತಂತಿ, 'ಮೇಲಿನವರು ನೋಡಿಕೊಳ್ಳುತ್ತಾರೆ' ಎಂಬ ಮಾತು, ಇವು ನಮ್ಮೆಲ್ಲರ ದಿನಚರಿಯಲ್ಲೂ ಇವೆ. ಅನಾಹುತವಾದ ಬಳಿಕ ಪರರನ್ನು ಕುರಿತು ಕೇಳುವ ಪ್ರಶ್ನೆಯನ್ನು ಅನಾಹುತಕ್ಕೆ ಮೊದಲೇ ನಮ್ಮನ್ನು ಕುರಿತು ಕೇಳಿಕೊಳ್ಳೋಣ: ಇದರಲ್ಲಿ ನನ್ನ ಪಾಲು ಎಷ್ಟು? ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವ ಮನಸ್ಸಾಕ್ಷಿ ಎಲ್ಲೋ ಒಂದು ಕಡೆ ಎಚ್ಚರವಾಗಿದ್ದರೆ, ಯಾವುದೋ ಒಂದು ಮನೆಯ ಕಿಡಿ ಆ ಮನೆಯಲ್ಲಿಯೇ ಆರೀತು.