ಬಾಣದ ಮೊನೆ, ಬಂದೂಕಿನ ನಳಿಗೆ

ಜಯನಗರ ನಾಲ್ಕನೇ ಬ್ಲಾಕಿನ ಪೇಟೆಯಲ್ಲಿ ಬ್ಯಾಂಕಿನ ಹಣದ ವ್ಯಾನು ನಿಂತಾಗ ಬಂದೂಕು ಹಿಡಿದ ಕಾವಲುಗಾರನನ್ನು ನೀವು ಕಂಡಿರಬಹುದು. ಅದರ ನಳಿಗೆ ಯಾವ ಕಡೆಗಿತ್ತೆಂದು ಗಮನಿಸಿದ್ದೀರಾ?

ಪ್ರವಾದಿವರ್ಯರು(ಸ) ಇಂಥದ್ದನ್ನು ಗಮನಿಸುತ್ತಿದ್ದರು. ಬಾಣಗಳೊಂದಿಗೆ ಮಸೀದಿಗೋ ಪೇಟೆಗೋ ಬರುವವನು ಅವುಗಳ ಮೊನೆ ಹಿಡಿದುಕೊಳ್ಳಬೇಕೆಂದರು. ಒರೆಯಿಂದ ಹಿರಿದ ಖಡ್ಗವನ್ನು ಕೈಯಿಂದ ಕೈಗೆ ಕೊಡುವುದನ್ನು ತಡೆದರು. ಸಹೋದರನತ್ತ ಆಯುಧ ತೋರಿಸುವುದನ್ನು ನಿಷೇಧಿಸಿದರು; ಶೈತಾನನು ಕೈ ಜಾರಿಸಿಬಿಟ್ಟಾನು ಎಂಬುದೇ ಕಾರಣ. ಇಂದು ಪಿಸ್ತೂಲು ಕಲಿಸುವವರ ಪಾಠವೂ ಬೇರೆಯಲ್ಲ: ಪ್ರತಿಯೊಂದು ಬಂದೂಕೂ ತುಂಬಿದೆಯೆಂದೇ ತಿಳಿ, ನಳಿಗೆಯನ್ನು ಜನರತ್ತ ತಿರುಗಿಸಬೇಡ, ಬೆರಳು ಟ್ರಿಗರಿನಿಂದ ದೂರವಿರಲಿ. ಮ್ಯಾಗಜಿನ್ ಕಳಚಿದ ಮೇಲೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. 'ಖಾಲಿ ಅಂದುಕೊಂಡಿದ್ದೆ' ಎಂಬ ಮಾತು ಹುಟ್ಟುವುದು ಅಲ್ಲೇ.

ಕರ್ಮಗಳು ನಿಯ್ಯತ್ತಿನ ಮೇಲಲ್ಲವೇ, ಕೊಲ್ಲುವ ಮನಸ್ಸಿಲ್ಲದವನ ತಪ್ಪೇನು ಎಂದು ನೀವು ಕೇಳಬಹುದು. ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ. ಪ್ರಮಾದದಿಂದ ಕೊಂದವನಿಗೂ ಸೂರಃ ಅನ್ನಿಸಾದ 92ನೇ ಸೂಕ್ತವು ರಕ್ತಪರಿಹಾರವನ್ನೂ ಪ್ರಾಯಶ್ಚಿತ್ತವನ್ನೂ ವಿಧಿಸಿದೆಯಲ್ಲ! ನಮ್ಮ ದೇಶದ ಕಾನೂನು ಇನ್ನೂ ಮುಂದೆ ಹೋಗಿದೆ. ಅಜಾಗರೂಕತೆಯಿಂದ ಬಂದೂಕು ಬಳಸಿ ಇತರರ ಜೀವಕ್ಕೆ ಅಪಾಯ ಒಡ್ಡಿದರೆ, ಯಾರಿಗೂ ಗಾಯವಾಗದಿದ್ದರೂ, 2019ರ ತಿದ್ದುಪಡಿಯ ಪ್ರಕಾರ 2 ವರ್ಷಗಳವರೆಗೆ ಸೆರೆವಾಸವಾಗಬಹುದು.

ಕೆಲಸಕ್ಕಾಗಿ ಕೊಟ್ಟ ಬಂದೂಕಾದರೋ ಅಮಾನತು ಕೂಡ. ಸಹೋದ್ಯೋಗಿಯನ್ನು ಹೆದರಿಸಲು ಅದನ್ನು ಮೇಜಿನ ಮೇಲಿಟ್ಟರೂ ದ್ರೋಹವೇ. 2023ರ ಜುಲೈ 31ರಂದು ಜೈಪುರ–ಮುಂಬಯಿ ರೈಲಿನಲ್ಲಿ ಮೇಲಧಿಕಾರಿಯನ್ನೂ ಮೂವರು ಪ್ರಯಾಣಿಕರನ್ನೂ ಗುಂಡಿಟ್ಟು ಕೊಂದ ಆರೋಪ ರೈಲ್ವೆ ರಕ್ಷಣಾ ದಳದ ಪೇದೆಯೊಬ್ಬನ ಮೇಲೆ ಬಂತು. ಆ ಬಂದೂಕನ್ನು ಅವನ ಕೈಗೆ ಕೊಟ್ಟದ್ದು ಪ್ರಯಾಣಿಕರನ್ನು ಕಾಯಲೆಂದು.